ನೆನಪು-ಗಮನಕ್ಕೆ ಹೊಸ ಮಾತ್ರೆಯ ಟ್ರಯಲ್: ಸ್ಕಿಜೋಫ್ರೇನಿಯಾ ಇರುವವರು, ಮನೆಯವರು ಸೇರುವ ಮುಂಚೆ ನೋಡಬೇಕಾದ್ದು

ಸ್ಕಿಜೋಫ್ರೇನಿಯಾಗೆ ಮಾತ್ರೆ ಶುರುವಾದ ಮೇಲೆ ಸಾಮಾನ್ಯವಾಗಿ ಕಿವಿಯಲ್ಲಿ ಕೇಳುವ ಧ್ವನಿಗಳು ತಗ್ಗುತ್ತವೆ. ಅನುಮಾನ ಕಡಿಮೆಯಾಗುತ್ತದೆ. ರಾತ್ರಿ ನಿದ್ದೆ ಬರುತ್ತದೆ. ಇನ್ನು ಎಲ್ಲ ಸರಿಹೋಯಿತು ಅಂತ ಮನೆಯವರು ಅಂದುಕೊಳ್ಳುತ್ತಾರೆ. ಆದರೆ ತಿಂಗಳುಗಳು ಕಳೆದರೂ ಹುಡುಗನಿಗೆ ಕಾಲೇಜಿಗೆ ವಾಪಸ್ ಹೋಗಲು ಆಗುವುದಿಲ್ಲ. ಮೂರು ಸಾಮಾನು ತಾ ಅಂದರೆ ಒಂದು ತರುತ್ತಾನೆ. ನಾಲ್ಕು ಜನ ಕೂತು ಮಾತಾಡುತ್ತಿದ್ದರೆ ಎದ್ದು ಒಳಗೆ ಹೋಗಿಬಿಡುತ್ತಾನೆ, ಯಾಕಂದರೆ ಮಾತಿನ ಜಾಡು ಸಿಗುವುದಿಲ್ಲ. ಕೊನೆಗೆ ಅವನಿಗೆ 'ಸೋಂಬೇರಿ' ಅನ್ನುವ ಹೆಸರು ಬೀಳುತ್ತದೆ.

ಅದು ಸೋಂಬೇರಿತನ ಅಲ್ಲ. ನೆನಪು, ಗಮನ, ಯೋಚನೆಯ ವೇಗ, ಲೆಕ್ಕಾಚಾರ ಹಾಕಿ ಕೆಲಸ ಮಾಡುವ ಶಕ್ತಿ, ಇವೆಲ್ಲ ಕುಂದುವುದು ಈ ಕಾಯಿಲೆಯದೇ ಒಂದು ಭಾಗ. 1950ರ ದಶಕದಲ್ಲಿ ಬಂದ ಕ್ಲೋರ್‌ಪ್ರೊಮಜೀನ್‌ನಿಂದ ಹಿಡಿದು ಇತ್ತೀಚಿನವರೆಗೆ ಬಂದ ಹೆಚ್ಚುಕಮ್ಮಿ ಎಲ್ಲ ಮಾತ್ರೆಗಳು ಮಿದುಳಿನ ಡೋಪಮೀನ್ ಅನ್ನುವ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಧ್ವನಿ, ಭ್ರಮೆಗೆ ಅವು ಒಳ್ಳೆಯವೇ. ಈ ಮಂಕಿಗೆ ಅವುಗಳಿಂದ ಹೆಚ್ಚು ಉಪಯೋಗ ಆಗಿಲ್ಲ. ಇದಕ್ಕೆಂದೇ ಒಪ್ಪಿಗೆ ಸಿಕ್ಕ ಮಾತ್ರೆ ಒಂದೂ ಇಲ್ಲ. ಅದಕ್ಕೇ ಟ್ರಯಲ್‌ಗಳು ನಡೆಯುತ್ತಿವೆ, ಅದಕ್ಕೇ ಡಾಕ್ಟರು ಒಂದು ದಿನ 'ಹೊಸ ಔಷಧಿಯ ಸ್ಟಡಿ ಇದೆ, ಸೇರುತ್ತೀರಾ' ಅಂತ ಕೇಳಬಹುದು.

ಹಾಗೆ ಕೇಳಿಸಿಕೊಂಡವರಿಗೆ ಈ ಬರಹ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟ್ರಯಲ್‌ಗೆ ಸೇರುವುದು ಒಳ್ಳೆಯ ಕೆಲಸವೇ. ಆದರೆ ಅದನ್ನು ಚಿಕಿತ್ಸೆ ಅಂದುಕೊಂಡು ಸೇರಬೇಡಿ.

ಹೆಜ್ಜೆ 1: ತೊಂದರೆಯನ್ನು ಬರೆದಿಡಿ

'ಅವನಿಗೆ ನೆನಪಿಲ್ಲ' ಅಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಒಂದು ನೋಟ್‌ಬುಕ್ ಇಟ್ಟು ಎರಡು ವಾರ ಬರೆಯಿರಿ. ಬಸ್ ನಂಬರ್ ಮರೆತನಾ? ಕುಕ್ಕರ್ ಇಟ್ಟು ಮರೆತಳಾ? ಟಿವಿ ಸುದ್ದಿಯನ್ನು ಎಷ್ಟು ಹೊತ್ತು ಕೂತು ನೋಡಲು ಆಗುತ್ತದೆ? ಎದುರಿನವರ ಮುಖ ನೋಡಿ ಅವರು ಬೇಜಾರಾಗಿದ್ದಾರೆ ಅಂತ ಗೊತ್ತಾಗುತ್ತದಾ? ಈ ಕೊನೆಯದು ಬಹಳ ಮನೆಗಳಲ್ಲಿ ಗಮನಕ್ಕೇ ಬರುವುದಿಲ್ಲ. ಆದರೆ ಸಂಶೋಧಕರು ಅದನ್ನೂ ಅಳೆಯುತ್ತಾರೆ.

ಬರೆಯುವಾಗ ಆ ವ್ಯಕ್ತಿಯನ್ನೂ ಕೇಳಿ. ಮನೆಯವರಿಗೆ ದೊಡ್ಡದಾಗಿ ಕಾಣುವ ತೊಂದರೆ ಅವರಿಗೆ ಏನೂ ಅನ್ನಿಸದೆ ಇರಬಹುದು, ಅವರನ್ನು ಕೊರೆಯುತ್ತಿರುವುದು ಬೇರೆಯೇ ಇರಬಹುದು.

ಹೆಜ್ಜೆ 2: ಈಗಿನ ಮಾತ್ರೆಗಳ ಚೀಟಿ ತೆಗೆದು ನೋಡಿ

ಇಡೀ ಬರಹದಲ್ಲಿ ಒಂದೇ ಒಂದು ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಹೊಸ ಮಾತ್ರೆ ಹುಡುಕುವ ಮುಂಚೆ, ಹಳೆಯ ಮಾತ್ರೆಯೇ ಮಂಕು ತರುತ್ತಿದೆಯಾ ಅಂತ ನೋಡಬೇಕು.

ಕೈ ನಡುಕ, ಮೈ ಬಿಗಿತ ಕಡಿಮೆಯಾಗಲಿ ಅಂತ ನಮ್ಮಲ್ಲಿ ಟ್ರೈಹೆಕ್ಸಿಫೆನಿಡಿಲ್ ಅನ್ನುವ ಮಾತ್ರೆ ಕೊಡುವುದು ತುಂಬಾ ಸಾಮಾನ್ಯ. ಪ್ಯಾಸಿಟೇನ್ ಅಂದರೆ ಹಲವರಿಗೆ ಗೊತ್ತಾಗಬಹುದು. ಇದು ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ನೆನಪಿಗೆ ಬೇಕಾದದ್ದೂ ಅದೇ ರಾಸಾಯನಿಕ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಇದ್ದರೆ ಈ ಮಾತ್ರೆಯ ಮೇಲೆ ಸಂಶಯ ಪಡಬಹುದು. ಇನ್ನೊಂದು ವಿಷಯ: ಇದು ಪ್ರತ್ಯೇಕ ಮಾತ್ರೆಯಾಗಿ ಇಲ್ಲದೆಯೂ ಇರಬಹುದು. ರಿಸ್ಪೆರಿಡೋನ್ ಅಥವಾ ಟ್ರೈಫ್ಲುಪೆರಜೀನ್ ಜೊತೆ ಸೇರಿಸಿದ ಒಂದೇ ಮಾತ್ರೆ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತದೆ. 'ನಾವು ಒಂದೇ ಮಾತ್ರೆ ತಗೊಳ್ಳೋದು' ಅನ್ನುವವರು ಮಾತ್ರೆಯ ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಬೇಕು.

ನಿದ್ದೆಗೆ, ಆತಂಕಕ್ಕೆ ಕೊಡುವ ಕ್ಲೋನಜೆಪಾಮ್, ಲೊರಜೆಪಾಮ್ ಕೂಡ ಗಮನವನ್ನು ಕುಗ್ಗಿಸುತ್ತವೆ. ಅಲರ್ಜಿ, ಶೀತಕ್ಕೆ ಅಂಗಡಿಯಲ್ಲೇ ಕೊಳ್ಳುವ ಕೆಲವು ಹಳೆಯ ಮಾತ್ರೆಗಳೂ ಹಾಗೇ.

ಇಷ್ಟು ಓದಿ ಇವತ್ತೇ ಯಾವುದನ್ನೂ ನಿಲ್ಲಿಸಬೇಡಿ. ಟ್ರೈಹೆಕ್ಸಿಫೆನಿಡಿಲ್ ಥಟ್ಟನೆ ಬಿಟ್ಟರೆ ಬಿಗಿತ ವಾಪಸ್ ಬರಬಹುದು. ಕ್ಲೋನಜೆಪಾಮ್ ಥಟ್ಟನೆ ಬಿಟ್ಟರೆ ಫಿಟ್ಸ್ ಬರುವ ಅಪಾಯ ಇದೆ. ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ, 'ಇದು ಇನ್ನೂ ಬೇಕಾ, ನಿಧಾನಕ್ಕೆ ಕಡಿಮೆ ಮಾಡಬಹುದಾ' ಅಂತ ಕೇಳಿ. ಜೊತೆಗೆ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ ನೋಡಿಸಿ. ಜೋರು ಗೊರಕೆ ಇದ್ದರೆ ಅದನ್ನೂ ಹೇಳಿ. ಖಿನ್ನತೆ ಇದ್ದರೂ ನೆನಪು ಕೆಡುತ್ತದೆ.

ಹೆಜ್ಜೆ 3: ಇಲ್ಲಿಯವರೆಗೆ ಏನಾಗಿದೆ ಅಂತ ತಿಳಿಯಿರಿ

'ಹೊಸ ಔಷಧಿ' ಅಂದ ಕೂಡಲೇ ಆಸೆ ಚಿಗುರುತ್ತದೆ. ಸಹಜ. ಅದಕ್ಕೇ ಈ ಹಾದಿಯಲ್ಲಿ ಹಿಂದೆ ಹೋದವರ ಕತೆ ಗೊತ್ತಿರಬೇಕು.

ನಿಕೋಟಿನ್ ಅಂಟಿಕೊಳ್ಳುವ ಒಂದು ಬಗೆಯ ಗ್ರಾಹಕದ (ರಿಸೆಪ್ಟರ್, ಅಂದರೆ ಮಿದುಳಿನ ಕೋಶದ ಮೇಲೆ ರಾಸಾಯನಿಕ ಬಂದು ಕೂರುವ ಜಾಗ) ಮೇಲೆ ಕೆಲಸ ಮಾಡುವ ಎನ್ಸೆನಿಕ್ಲಿನ್ ಅನ್ನುವ ಮಾತ್ರೆ ಶುರುವಿನ ಹಂತದಲ್ಲಿ ಭರವಸೆ ತೋರಿಸಿತ್ತು. 2016ರಲ್ಲಿ ಮೂರನೇ ಹಂತದ, ಅಂದರೆ ಹೆಚ್ಚು ಜನರ ಮೇಲೆ ನೋಡುವ ದೊಡ್ಡ ಟ್ರಯಲ್‌ನ, ಫಲಿತಾಂಶ ಬಂದಾಗ ಅದು ಸೋತಿತ್ತು.

ಆಮೇಲೆ ಬಂದದ್ದು ಬೋರಿಂಗರ್ ಇಂಗಲ್‌ಹೈಮ್ ಕಂಪನಿಯ ಐಕ್ಲೆಪರ್ಟಿನ್. ಇದರ ಹಿಂದಿನ ಯೋಚನೆ ಚೆನ್ನಾಗಿದೆ. ಮಿದುಳಿನಲ್ಲಿ ಗ್ಲುಟಮೇಟ್ ಅನ್ನುವ ರಾಸಾಯನಿಕಕ್ಕೆ ಎನ್‌ಎಂಡಿಎ ಅನ್ನುವ ಗ್ರಾಹಕ ಇದೆ. ಕಲಿಕೆಗೆ, ನೆನಪಿಗೆ ಅದು ಬೇಕೇ ಬೇಕು. ಅದು ತೆರೆಯಬೇಕಾದರೆ ಗ್ಲುಟಮೇಟ್ ಒಂದೇ ಸಾಲದು, ಗ್ಲೈಸಿನ್ ಅನ್ನುವ ಇನ್ನೊಂದು ರಾಸಾಯನಿಕವೂ ಬೇಕು. ಬ್ಯಾಂಕ್ ಲಾಕರ್‌ಗೆ ಎರಡು ಕೀ ಬೇಕಲ್ವಾ, ಹಾಗೆ. ಸ್ಕಿಜೋಫ್ರೇನಿಯಾದಲ್ಲಿ ಈ ಗ್ರಾಹಕ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಅನುಮಾನ ಹಳೆಯದು. ಗ್ಲೈಸಿನನ್ನು ಅಲ್ಲಿಂದ ಎಳೆದು ಖಾಲಿ ಮಾಡುವ ಪಂಪನ್ನು ಐಕ್ಲೆಪರ್ಟಿನ್ ತಡೆಯುತ್ತದೆ. ಗ್ಲೈಸಿನ್ ಜಾಸ್ತಿ ಹೊತ್ತು ಅಲ್ಲೇ ಉಳಿಯುತ್ತದೆ.

ಎರಡನೇ ಹಂತದಲ್ಲಿ 509 ಜನರಿಗೆ 12 ವಾರ ಕೊಟ್ಟು ನೋಡಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. 10 ಮತ್ತು 25 ಮಿಲಿಗ್ರಾಂ ತಗೊಂಡವರ ನೆನಪು-ಗಮನದ ಪರೀಕ್ಷೆಯ ಅಂಕಗಳು ಪ್ಲಸಿಬೊ, ಅಂದರೆ ಔಷಧಿಯೇ ಇಲ್ಲದ ಅದೇ ತರದ ಮಾತ್ರೆ, ತಗೊಂಡವರಿಗಿಂತ ಸ್ವಲ್ಪ ಮೇಲೆ ಹೋದವು. ಔಷಧಿಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಅದೇ ವರ್ಷ ಇದಕ್ಕೆ ಬ್ರೇಕ್‌ಥ್ರೂ ಸ್ಥಾನ (ಭರವಸೆ ಇದೆ, ಪರಿಶೀಲನೆ ಬೇಗ ಆಗಲಿ ಎಂಬ ಗುರುತು; ಒಪ್ಪಿಗೆ ಅಲ್ಲ) ಕೊಟ್ಟಿತು. ಆದರೆ ಆಗಲೇ ಒಂದು ಸುಳಿವು ಇತ್ತು: ಅಂಕ ಏರಿದರೂ ದಿನನಿತ್ಯದ ಬದುಕಿನ ಅಳತೆಯಲ್ಲಿ ವ್ಯತ್ಯಾಸ ಕಾಣಿಸಿರಲಿಲ್ಲ. ಮುಂದೆ ಕನೆಕ್ಸ್ ಅನ್ನುವ ಹೆಸರಿನಲ್ಲಿ 26 ವಾರಗಳ ಮೂರು ದೊಡ್ಡ ಟ್ರಯಲ್‌ಗಳು ನಡೆದವು. 2025ರ ಜನವರಿಯಲ್ಲಿ ಕಂಪನಿಯೇ ಹೇಳಿತು: ಮೂರರಲ್ಲೂ ಮುಖ್ಯ ಗುರಿ ಮುಟ್ಟಲಿಲ್ಲ.

ಹೆದರಿಸಲು ಇದನ್ನು ಹೇಳುತ್ತಿಲ್ಲ. ಆ ಟ್ರಯಲ್‌ಗಳಿಗೆ ಸೇರಿದವರಿಂದಲೇ ಈ ದಾರಿ ಹೇಗಿದೆ ಅಂತ ಗೊತ್ತಾಯಿತು. ಆದರೆ ಎರಡನೇ ಹಂತದ ಒಳ್ಳೆಯ ಸುದ್ದಿ ಮೂರನೇ ಹಂತದಲ್ಲಿ ಉಳಿಯದೆ ಹೋಗುವುದು ಈ ಕ್ಷೇತ್ರದಲ್ಲಿ ಮಾಮೂಲು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕೊಬೆನ್ಫಿ ಅನ್ನುವ ಔಷಧಿ ಡೋಪಮೀನನ್ನು ನೇರವಾಗಿ ತಡೆಯದ ಹೊಸ ಬಗೆಯದು ನಿಜ. ಒಪ್ಪಿಗೆ ಸಿಕ್ಕಿರುವುದು ಸ್ಕಿಜೋಫ್ರೇನಿಯಾಗೆ, ನೆನಪಿನ ತೊಂದರೆಗೆ ಅಂತ ಅಲ್ಲ. ವಾಟ್ಸಾಪ್‌ನಲ್ಲಿ ಬೇರೆ ತರ ಬಂದರೆ ನಂಬಬೇಡಿ.

ಹೆಜ್ಜೆ 4: ಟ್ರಯಲ್ ಅಸಲಿಯಾ ಅಂತ ನೋಡಿ

ಭಾರತದಲ್ಲಿ ನಡೆಯುವ ಔಷಧಿ ಟ್ರಯಲ್ ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿ ಆಗಿರಲೇಬೇಕು. ಇದು 2007ರಲ್ಲಿ ಶುರುವಾಯಿತು, 2009ರಿಂದ ಔಷಧಿ ಟ್ರಯಲ್‌ಗಳಿಗೆ ಕಡ್ಡಾಯ. ನೋಂದಣಿ ನಂಬರ್ ಕೇಳಿ, ಸಿಟಿಆರ್‌ಐ ವೆಬ್‌ಸೈಟ್‌ನಲ್ಲಿ ಹುಡುಕಿ. ಯಾರು ದುಡ್ಡು ಹಾಕುತ್ತಿದ್ದಾರೆ, ಯಾವ ಯಾವ ಆಸ್ಪತ್ರೆಯಲ್ಲಿ ನಡೆಯುತ್ತಿದೆ, ಎಷ್ಟು ಜನ ಬೇಕು, ಎಲ್ಲವೂ ಅಲ್ಲಿ ಸಿಗುತ್ತದೆ. ಯಾರಿಗೂ ಲಾಗಿನ್ ಬೇಕಿಲ್ಲ. ನಂಬರ್ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ಸೇರಲು ದುಡ್ಡು ಕೇಳಿದರೂ ಅಷ್ಟೇ.

ಟ್ರಯಲ್‌ಗೆ ಸೇರುವವರ ಹಿತ ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದೆಯಾ ಅಂತಲೂ ಕೇಳಿ. ಆ ಕಮಿಟಿಯಲ್ಲಿ ಡಾಕ್ಟರುಗಳ ಜೊತೆ ಕಾನೂನು ಬಲ್ಲವರು, ಸಾಮಾನ್ಯ ಜನರ ಪರವಾಗಿ ಒಬ್ಬರು ಇರಬೇಕು ಅಂತ ನಿಯಮ ಇದೆ. ಅವರನ್ನು ಸಂಪರ್ಕಿಸುವ ವಿವರ ನಿಮ್ಮ ಕೈಗೆ ಕೊಡುವ ಕಾಗದದಲ್ಲೇ ಇರುತ್ತದೆ.

ಹೆಜ್ಜೆ 5: ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ

ಮೊದಲ ಪ್ರಶ್ನೆ: ಈಗಿನ ಮಾತ್ರೆ ನಿಲ್ಲಿಸಬೇಕಾ? ನೆನಪು-ಗಮನದ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಹಳೆಯ ಮಾತ್ರೆ ಹಾಗೇ ಮುಂದುವರಿಯುತ್ತದೆ, ಹೊಸದು ಅದರ ಮೇಲೆ ಸೇರುತ್ತದೆ. ಹಳೆಯದನ್ನು ಬಿಡಿಸುವ ಟ್ರಯಲ್‌ಗಳೂ ಇವೆ, ಅವುಗಳಲ್ಲಿ ಕಾಯಿಲೆ ತಿರುಗಿ ಬರುವ ಅಪಾಯ ಬೇರೆಯೇ ಮಟ್ಟದ್ದು. ಈ ಒಂದು ಉತ್ತರದ ಮೇಲೆ ಅರ್ಧ ನಿರ್ಧಾರ ನಿಂತಿದೆ.

ಪ್ಲಸಿಬೊ ಸಿಗುವ ಸಾಧ್ಯತೆ ಎಷ್ಟು? ಇಬ್ಬರಲ್ಲಿ ಒಬ್ಬರಿಗಾ, ಮೂವರಲ್ಲಿ ಒಬ್ಬರಿಗಾ? ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ. ನಿಮ್ಮ ಡಾಕ್ಟರಿಗೂ ಗೊತ್ತಿರುವುದಿಲ್ಲ. 'ನಮ್ಮ ಹುಡುಗನಿಗೆ ಅಸಲಿ ಮಾತ್ರೆಯೇ ಕೊಡಿಸಿ ಸಾರ್' ಅಂತ ಕೇಳಿ ಪ್ರಯೋಜನ ಇಲ್ಲ.

ಎಷ್ಟು ಸಲ ಆಸ್ಪತ್ರೆಗೆ ಬರಬೇಕು? ಹಾವೇರಿಯಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಬಂದುಹೋಗುವುದು ಜೊತೆಯವರ ಕೂಲಿಗೂ ಹೊಡೆತ. ಪ್ರಯಾಣದ ಖರ್ಚು ಕೊಡುತ್ತಾರಾ ಅಂತ ನಾಚಿಕೆ ಇಲ್ಲದೆ ಕೇಳಿ.

ಪರೀಕ್ಷೆಯ ಪ್ರಶ್ನೆಗಳು ಕನ್ನಡದಲ್ಲಿ ಇರುತ್ತವಾ? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಲೇಬೇಕು. ಇಂಗ್ಲಿಷ್ ಪದಗಳ ಪಟ್ಟಿಯನ್ನು ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಕೊಟ್ಟರೆ ಅಳೆಯುವುದು ನೆನಪನ್ನೋ ಇಂಗ್ಲಿಷನ್ನೋ? ಭಾರತದವರಿಗೆ ಹೊಂದುವ ಪರೀಕ್ಷೆಗಳನ್ನು ನಿಮ್ಹಾನ್ಸ್ 2004ರಲ್ಲೇ ಒಂದು ಕಟ್ಟಾಗಿ ತಂದಿದೆ, ಓದು-ವಯಸ್ಸಿಗೆ ತಕ್ಕ ಅಳತೆಗಳ ಜೊತೆ. ಅಂತರರಾಷ್ಟ್ರೀಯ ಟ್ರಯಲ್‌ಗಳು ಬೇರೆ ಪರೀಕ್ಷೆ ಬಳಸುವುದರಿಂದ ಭಾಷೆಯ ವಿಚಾರ ಮೊದಲೇ ಖಚಿತ ಮಾಡಿಕೊಳ್ಳಿ.

ಅಡ್ಡ ಪರಿಣಾಮ ಏನು? ಮಾತ್ರೆಯಿಂದ ಮಾತ್ರೆಗೆ ಬೇರೆ. ಉದಾಹರಣೆಗೆ ಗ್ಲೈಸಿನ್ ಪಂಪ್ ತಡೆಯುವ ಗುಂಪಿನ ಔಷಧಿಗಳು ಹಿಮೋಗ್ಲೋಬಿನ್ ಇಳಿಸಬಹುದು, ಯಾಕಂದರೆ ರಕ್ತದ ಕೆಂಪು ವಸ್ತು ತಯಾರಾಗಲು ಗ್ಲೈಸಿನ್ ಬೇಕು. ಮೊದಲೇ ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯ ಅಲ್ಲ. ಮಗುವಿನ ಯೋಚನೆ ಇದ್ದವರೂ ಮೊದಲೇ ಹೇಳಬೇಕು, ಹೊಸ ಔಷಧಿಯ ಟ್ರಯಲ್ ನಡೆಯುವಾಗ ಗರ್ಭ ನಿಲ್ಲಬಾರದು ಅನ್ನುತ್ತಾರೆ.

ಕೊನೆಯದು: ಟ್ರಯಲ್ ಮುಗಿದ ಮೇಲೆ? ಮಾತ್ರೆಯಿಂದ ಉಪಯೋಗ ಆಗಿದ್ದರೂ ಮರುದಿನ ಅದು ಸಿಗದೆ ಹೋಗಬಹುದು. ಕೆಲವು ಷರತ್ತುಗಳ ಮೇಲೆ ಮುಂದುವರಿಸಿ ಕೊಡಲು ಭಾರತದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಅವಕಾಶ ಇದೆ. ನಿಮ್ಮ ಟ್ರಯಲ್‌ನಲ್ಲಿ ಅದು ಇದೆಯಾ ಅಂತ ಕೇಳಿ.

ಹೆಜ್ಜೆ 6: ಒಪ್ಪಿಗೆ ಯಾರದ್ದು?

ಆ ವ್ಯಕ್ತಿಯದ್ದು. ಅಪ್ಪನದ್ದಲ್ಲ, ಅಣ್ಣನದ್ದಲ್ಲ.

ಸ್ಕಿಜೋಫ್ರೇನಿಯಾ ಇದೆ ಅಂದ ಮಾತ್ರಕ್ಕೆ ನಿರ್ಧರಿಸುವ ಶಕ್ತಿ ಇಲ್ಲ ಅಂತ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 99ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಸಂಶೋಧನೆಗೆ ಮಾನಸಿಕ ಕಾಯಿಲೆ ಇರುವವರಿಂದಲೇ, ತಿಳಿದು ಕೊಟ್ಟ, ಒತ್ತಾಯ ಇಲ್ಲದ ಒಪ್ಪಿಗೆ ಪಡೆಯಬೇಕು. ಅವರಿಗೆ ಒಪ್ಪಿಗೆ ಕೊಡಲು ನಿಜವಾಗಿಯೂ ಆಗದಿದ್ದರೆ, ಮನೆಯವರ ಸಹಿ ಒಂದೇ ಸಾಲದು. ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ತಗೊಳ್ಳಬಹುದು.

ನೆನಪಿನ ತೊಂದರೆ ಇರುವವರಿಗೇ ಹತ್ತಾರು ಪುಟದ ಒಪ್ಪಿಗೆ ಪತ್ರ ಕೊಟ್ಟು ಓದಿ ಸಹಿ ಮಾಡಿ ಅನ್ನುವುದು ವಿಚಿತ್ರವೇ. ಆದರೆ ದಾರಿ ಇದೆ. ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ, ಅರ್ಥವಾಗುವ ಭಾಷೆಯಲ್ಲಿ ಕೊಡುವುದು ಅವರ ಕರ್ತವ್ಯ. ಅವತ್ತೇ ಸಹಿ ಹಾಕಬೇಡಿ, ಮನೆಗೆ ತನ್ನಿ. ದಿನಕ್ಕೆ ಎರಡು ಪುಟ ಓದಿ. ಪ್ರತಿ ಭಾಗ ಆದ ಮೇಲೆ 'ನಿನಗೆ ಏನು ಅರ್ಥವಾಯಿತು, ನಿನ್ನ ಮಾತಲ್ಲಿ ಹೇಳು' ಅಂತ ಕೇಳಿ. 'ನನಗೆ ಡಮ್ಮಿ ಮಾತ್ರೆಯೂ ಸಿಗಬಹುದು, ಬೇಡ ಅನ್ನಿಸಿದರೆ ಬಿಡಬಹುದು, ಬಿಟ್ಟರೂ ಮಾಮೂಲಿ ಟ್ರೀಟ್‌ಮೆಂಟ್ ನಿಲ್ಲುವುದಿಲ್ಲ' ಎಂಬ ಮೂರು ಮಾತು ಅವರ ಬಾಯಿಂದಲೇ ಬಂದರೆ ಸಾಕಷ್ಟು ಅರ್ಥವಾಗಿದೆ ಅಂತ ಲೆಕ್ಕ.

ಹೊಸ ರಾಸಾಯನಿಕದ ಟ್ರಯಲ್‌ನಲ್ಲಿ, ಒತ್ತಡಕ್ಕೆ ಸುಲಭವಾಗಿ ಒಳಗಾಗಬಹುದಾದವರು ಸೇರುವಾಗ, ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಬೇಕು ಅಂತ ನಿಯಮ. ಕ್ಯಾಮೆರಾ ನೋಡಿ ಗಾಬರಿ ಆಗಬಹುದು, ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಎಂಬ ಅನುಮಾನ ಇದ್ದವರಿಗಂತೂ ಜಾಸ್ತಿ. ಯಾಕೆ ಮಾಡುತ್ತಾರೆ ಅಂತ ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ. ಸಹಿ ಆದ ಮೇಲೆ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಡಾಕ್ಟರಿಗೆ ಬೇಜಾರಾಗುತ್ತದೆ ಅಂತ ಒಪ್ಪಿಕೊಳ್ಳುವವರು ನಮ್ಮಲ್ಲಿ ಬಹಳ. ಅದು ಒಪ್ಪಿಗೆ ಅಲ್ಲ, ಸಂಕೋಚ.

ಹೆಜ್ಜೆ 7: ಪರೀಕ್ಷೆಯ ದಿನಗಳು

ಸೇರುತ್ತೇವೆ ಅಂದವರೆಲ್ಲ ಆಯ್ಕೆ ಆಗುವುದಿಲ್ಲ. ಕೆಲವು ವಾರಗಳಿಂದ ಮಾತ್ರೆಯ ಪ್ರಮಾಣ ಬದಲಾಗಿರಬಾರದು, ಕಾಯಿಲೆ ಹತೋಟಿಯಲ್ಲಿರಬೇಕು, ಕುಡಿತ-ಗಾಂಜಾ ಇರಬಾರದು, ಇಂಥ ವಯಸ್ಸೇ ಆಗಿರಬೇಕು ಅಂತೆಲ್ಲ ಷರತ್ತು ಇರುತ್ತದೆ. ಆಯ್ಕೆ ಆಗಲಿ ಅಂತ ಏನನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟ ಮಾತ್ರೆಯೊಂದು ಹೊಸ ಮಾತ್ರೆಯ ಜೊತೆ ಸೇರಿ ತೊಂದರೆ ಕೊಡಬಹುದು. ಆಯುರ್ವೇದದ ಲೇಹ್ಯ, ಚೂರ್ಣವನ್ನೂ ಹೇಳಿ.

ಅಳೆಯಲು ಹೆಚ್ಚಾಗಿ ಬಳಸುವುದು ಎಂಸಿಸಿಬಿ ಎಂಬ ಪರೀಕ್ಷೆಗಳ ಗುಂಪು. ಅಮೆರಿಕದ ಮಾನಸಿಕ ಆರೋಗ್ಯ ಸಂಸ್ಥೆ ಎನ್‌ಐಎಂಎಚ್ ಮುಂದಾಳತ್ವದಲ್ಲಿ ತಯಾರಾದದ್ದು. ಹತ್ತು ಪರೀಕ್ಷೆ, ಏಳು ಬಗೆಯ ಶಕ್ತಿ. ಮುಗಿಯಲು ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ, ಓದಿ ಹೇಳಿದ 12 ಪದಗಳಲ್ಲಿ ಎಷ್ಟು ನೆನಪಿದೆ, ಚಿಹ್ನೆಗಳಿಗೆ ಬೇಗ ಬೇಗ ಅಂಕಿ ಬರೆಯುವುದು, ಕಾಗದದ ಮೇಲಿನ ಸುತ್ತುದಾರಿಯಲ್ಲಿ ಹೊರಗೆ ಬರುವುದು, ಇಂಥವು.

ಇದು ಎಸ್ಸೆಸ್ಸೆಲ್ಸಿ ಪರೀಕ್ಷೆ ಅಲ್ಲ. ಮನೆಯಲ್ಲಿ ಪ್ರಾಣಿಗಳ ಪಟ್ಟಿ ಬಾಯಿಪಾಠ ಮಾಡಿಸಬೇಡಿ. ಒಂದೇ ಪರೀಕ್ಷೆಯನ್ನು ಎರಡನೇ ಸಲ ಬರೆದಾಗ ಅಭ್ಯಾಸದಿಂದಲೇ ಅಂಕ ಸ್ವಲ್ಪ ಏರುತ್ತದೆ, ಅದನ್ನು ಔಷಧಿಯ ಗುಣದಿಂದ ಬೇರೆ ಮಾಡುವುದೇ ಸಂಶೋಧಕರಿಗೆ ದೊಡ್ಡ ತಲೆನೋವು. ಹಿಂದಿನ ರಾತ್ರಿ ನಿದ್ದೆ, ಬೆಳಗ್ಗೆ ತಿಂಡಿ, ಕನ್ನಡಕ ಮರೆಯದಿರುವುದು, ಇಷ್ಟು ಸಾಕು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು ಬೆಳಗ್ಗೆ ಪರೀಕ್ಷೆಗೆ ಕೂರುವುದು ಬೇಡ. ಸಿಗರೇಟ್ ಸೇದುವವರು ಪ್ರತಿ ಸಲವೂ ಮಾಮೂಲಿನ ಹಾಗೇ ಇರಲಿ, ನಿಕೋಟಿನ್ ಏರುಪೇರಾದರೆ ಗಮನವೂ ಏರುಪೇರಾಗುತ್ತದೆ.

ಮನೆಯವರಿಗೂ ಒಂದು ಪಾಲು ಇದೆ. ಎಸ್‌ಸಿಒಆರ್‌ಎಸ್ ಅನ್ನುವ ಸಂದರ್ಶನದಲ್ಲಿ 20 ಪ್ರಶ್ನೆಗಳನ್ನು ಆ ವ್ಯಕ್ತಿಗೂ ಜೊತೆಯಲ್ಲಿ ಇರುವವರಿಗೂ ಬೇರೆ ಬೇರೆಯಾಗಿ ಕೇಳುತ್ತಾರೆ. ಅಂಕ ಏರಿದರೆ ಸಾಲದು, ಬದುಕಿನಲ್ಲೂ ಬದಲಾವಣೆ ಕಾಣಬೇಕು ಅಂತ ಎಫ್‌ಡಿಎ ಕೇಳುವುದರಿಂದ ನಿಮ್ಮ ಉತ್ತರಕ್ಕೆ ತೂಕ ಇದೆ. ದಿನವೂ ಜೊತೆಗಿರುವವರೇ ಪ್ರತಿ ಸಲ ಹೋಗಬೇಕು. ಮೊದಲ ಸಲ ತಾಯಿ, ಆಮೇಲೆ ಊರಿಂದ ಬಂದ ಚಿಕ್ಕಪ್ಪ ಅಂತಾದರೆ ಹೋಲಿಕೆ ಕೆಡುತ್ತದೆ. ಹೆಜ್ಜೆ 1ರ ನೋಟ್‌ಬುಕ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಚೆನ್ನಾಗಿದ್ದಾನೆ ಅಂದರೆ ಡಾಕ್ಟರಿಗೆ ಖುಷಿ ಅಂತ ಸುಮ್ನೆ ಹೇಳಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಹೆಜ್ಜೆ 8: ನಡುವೆ ಏನಾದರೂ ಆದರೆ

ಧ್ವನಿಗಳು ವಾಪಸ್ ಬಂದರೆ, ನಿದ್ದೆ ಪೂರ್ತಿ ಕೆಟ್ಟರೆ, ಮೈಮೇಲೆ ಗಂಧೆ, ತಲೆಸುತ್ತು, ಏನೇ ಹೊಸದು ಕಂಡರೂ ಮುಂದಿನ ಭೇಟಿವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ. ಮಾತ್ರೆಯಿಂದ ಆಗಿದ್ದೋ ಅಲ್ಲವೋ ಅಂತ ತೀರ್ಮಾನಿಸುವುದು ನಿಮ್ಮ ಕೆಲಸ ಅಲ್ಲ. ಆಸ್ಪತ್ರೆಗೆ ಸೇರಿಸಬೇಕಾದಂಥ ಗಂಭೀರ ತೊಂದರೆ ಆದರೆ ಸಂಶೋಧಕರು 24 ಗಂಟೆಯೊಳಗೆ ಮೇಲಿನವರಿಗೆ ವರದಿ ಮಾಡಬೇಕು. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ, ಎರಡೂ 2019ರ ನಿಯಮಗಳಲ್ಲಿವೆ. ಪರಿಹಾರದ ಮಾತು ಬಂದಾಗ ಸಹಿ ಮಾಡಿದ ಆ ಪ್ರತಿ ಬೇಕಾಗುತ್ತದೆ.

ಸಾಯುವ ಮಾತಾಡಿದರೆ ಟ್ರಯಲ್ ವಿಚಾರ ಪಕ್ಕಕ್ಕಿಡಿ. ಒಬ್ಬರನ್ನೇ ಬಿಡಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ-ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ, ಕನ್ನಡದಲ್ಲೂ ಮಾತಾಡಬಹುದು.

ಆಯ್ಕೆ ಆಗದಿದ್ದರೆ, ಅಥವಾ ಬೇಡ ಅನ್ನಿಸಿದರೆ

ನಿಜ ಹೇಳಬೇಕೆಂದರೆ, ಮಾತ್ರೆಗಳಿಗಿಂತ ಒಳ್ಳೆಯ ಪುರಾವೆ ಇರುವುದು ಮಿದುಳಿನ ತರಬೇತಿಗೆ. ಇದಕ್ಕೆ ಕಾಗ್ನಿಟಿವ್ ರೆಮಿಡಿಯೇಶನ್ ಅನ್ನುತ್ತಾರೆ. 130 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ವಿಶ್ಲೇಷಣೆಯೊಂದು 2021ರಲ್ಲಿ ಬಂತು. ಲಾಭ ದೊಡ್ಡದಲ್ಲ, ಆದರೆ ನೆನಪು-ಗಮನದಲ್ಲೂ ದಿನನಿತ್ಯದ ಬದುಕಿನಲ್ಲೂ ಕಾಣುವಂಥದ್ದು. ಐಕ್ಲೆಪರ್ಟಿನ್ ಎರಡನೇ ಹಂತದ ಟ್ರಯಲ್‌ನಲ್ಲೇ ಎಡವಿದ್ದು ಈ ದಿನನಿತ್ಯದ ಬದುಕಿನ ಅಳತೆಯಲ್ಲಿ ಅಲ್ವಾ. ತರಬೇತಿ ಕೊಡುವವರು ಜೊತೆಯಲ್ಲಿ ಇದ್ದರೆ, ಕಲಿತದ್ದನ್ನು ಮನೆ-ಕೆಲಸಕ್ಕೆ ಜೋಡಿಸಿದರೆ ಫಲ ಜಾಸ್ತಿ. ಮೊಬೈಲ್ ಗೇಮ್ ಕೊಟ್ಟು ಕೂರಿಸಿದರೆ ಆಗುವುದಿಲ್ಲ.

ಮನೆಯವರೇ ಮಾಡಿಸಬಹುದಾದ ತರಬೇತಿಯನ್ನು ನಿಮ್ಹಾನ್ಸ್ ಸಂಶೋಧಕರು ಕಾಯಿಲೆಯ ಮೊದಲ ಹಂತದಲ್ಲಿ ಇರುವವರ ಜೊತೆ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ್ದಾರೆ. ನಿಮ್ಹಾನ್ಸ್ ಪದ್ಧತಿಯ ತರಬೇತಿಯಲ್ಲಿ ಕಾಳು ಬೇರ್ಪಡಿಸುವಂಥ ಕೆಲಸಗಳೂ ಇವೆ, ದುಬಾರಿ ಕಂಪ್ಯೂಟರ್ ಬೇಕಿಲ್ಲ. ಜೋರಾಗಿ ನಡೆಯುವುದು, ಸೈಕಲ್ ತುಳಿಯುವುದು ಕೂಡ ಈ ಕಾಯಿಲೆಯಲ್ಲಿ ಮಿದುಳಿನ ಚುರುಕಿಗೆ ಸಹಾಯ ಮಾಡುತ್ತವೆ ಅಂತ ಅಧ್ಯಯನಗಳಿವೆ. ಮಾತ್ರೆಯಿಂದ ತೂಕ ಏರಿದವರಿಗೆ ಅದು ಹೇಗಿದ್ದರೂ ಬೇಕು.

ಉಳಿದದ್ದು ಮನೆಯ ಉಪಾಯಗಳು. ಮೊಬೈಲ್ ಅಲಾರಂ, ಗೋಡೆಯ ಮೇಲೆ ದಿನದ ಪಟ್ಟಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಅಂಗಡಿಗೆ ಹೋಗುವಾಗ ಕೈಗೆ ಚೀಟಿ. ಬೆಂಗಳೂರಿನವರು ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ತರಬೇತಿಯ ಬಗ್ಗೆ ವಿಚಾರಿಸಬಹುದು. ಬೇರೆ ಊರಿನವರು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ, ಮನಶ್ಶಾಸ್ತ್ರಜ್ಞರು ಯಾವ ದಿನ ಸಿಗುತ್ತಾರೆ ಅಂತ ಕೇಳಿ. ಹೋಗುವಾಗ ಆ ನೋಟ್‌ಬುಕ್ ಮತ್ತು ಮಾತ್ರೆಗಳ ಖಾಲಿ ಸ್ಟ್ರಿಪ್ ಎರಡನ್ನೂ ಚೀಲಕ್ಕೆ ಹಾಕಿಕೊಳ್ಳಿ.